ದಯವಿಟ್ಟಕ್ಕನ ಎಚ್ಚರಿಕೆ

ವಿಮಾನ ನಿಲ್ದಾಣದ ಎರಡನೆಯ ಮಹಡಿಯಲ್ಲಿ, ಬೆಂಕಿ ಆರಿಸುವ ಕೆಂಪು ಸಿಲಿಂಡರುಗಳ ಕಪಾಟಿನ ಪಕ್ಕಕ್ಕೆ, ಆರಡಿ ಅಗಲ ಎಂಟಡಿ ಉದ್ದದ ಒಂದು ಗೂಡಿದೆ. ಒಂದು ಕುರ್ಚಿ, ಒಂದು ಮೇಜು, ಮೇಜಿನ ಮೇಲೊಂದು ಮೈಕು, ಮೈಕಿನ ಹಿಂದೆ ಗೋಡೆಗೆ ಅಂಗೈಯಗಲದ ಕನ್ನಡಿ, ಪಕ್ಕಕ್ಕೆ ಕೆಳಗಿನ ಹಜಾರ ಕಾಣುವ ಗಾಜಿನ ಕಿಟಕಿ. ಇಪ್ಪತ್ತೊಂಬತ್ತು ವರ್ಷಗಳಿಂದ ಹಗಲು ಪಾಳಿಯಲ್ಲಿ ಆ ಕುರ್ಚಿಯ ಮೇಲೆ ಕೂತವಳು ಒಬ್ಬಳೇ. ಹಾಜರಿ ಪುಸ್ತಕದಲ್ಲಿ ಅವಳಿಗೊಂದು ಹೆಸರು ಇದ್ದೇ ಇದೆ. ಆದರೆ ಸಾಮಾನು ಹೊರುವವರಿಂದ ಹಿಡಿದು ವಿಮಾನ ಹಾರಿಸುವವರ ತನಕ ಎಲ್ಲರಿಗೂ ಅವಳು ದಯವಿಟ್ಟಕ್ಕ. ದಯವಿಟ್ಟು ಗಮನಿಸಿ, ದಯವಿಟ್ಟು ಮೂರನೆಯ ಬಾಗಿಲಿಗೆ ಬನ್ನಿ, ದಯವಿಟ್ಟು ನಿಮ್ಮ ಚೀಲವನ್ನು ಒಂಟಿಯಾಗಿ ಬಿಡಬೇಡಿ. ದಿನಕ್ಕೆ ನೂರ ಎಂಬತ್ತು ಪ್ರಕಟಣೆ, ನೂರ ಎಂಬತ್ತು ದಯವಿಟ್ಟು.

ಕನ್ನಡಿ ಇದ್ದದ್ದು ಸಿಂಗಾರಕ್ಕಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರ ತರಬೇತಿ ಕೊಟ್ಟ ಹಿರಿಯಾಕೆ ಅದನ್ನು ತಾನೇ ಮೊಳೆ ಹೊಡೆದು ನೇತುಹಾಕಿ, ಮಾತಾಡುವಾಗ ಇದರಲ್ಲಿ ನಿನ್ನ ನಗು ಕಾಣಬೇಕು ಎಂದು ಹೇಳಿದ್ದಳು. ತುಟಿ ಅಗಲಿಸಿ ಮಾತಾಡಿದರೆ ಬಾಯೊಳಗಿನ ಗಾಳಿಯ ಕೊಳವೆ ತುಸು ಮೋಟಾಗುತ್ತದೆ, ದನಿ ತಿಳಿಯಾಗುತ್ತದೆ. ಮುಖ ಕಾಣದಿದ್ದರೂ ಕೇಳುವವರಿಗೆ ನಗು ಕೇಳಿಸುತ್ತದೆ. ಕಾರಣ ಇಷ್ಟೇ, ಆದರೆ ಅಭ್ಯಾಸ ಎಷ್ಟು ಗಟ್ಟಿಯಾಯಿತೆಂದರೆ, ವಿಮಾನ ಆರು ಗಂಟೆ ತಡ ಎಂದು ಅವಳು ಹೇಳಿದರೂ ಜನ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಸದ್ದಿಲ್ಲದೆ ಒಪ್ಪಿಕೊಂಡು ಕೂತುಬಿಡುತ್ತಿದ್ದರು.

ಆ ದನಿಯ ನಿಜವಾದ ಬೆಲೆ ತಿಳಿದದ್ದು ಹೋದ ವರ್ಷ, ಒಂದು ಫೋನು ಬಂದ ದಿನ. ಕಟ್ಟಡದಲ್ಲಿ ಬಾಂಬಿದೆ ಎಂದಷ್ಟೇ ಹೇಳಿ ಫೋನಿಟ್ಟಿದ್ದರು. ಸಾವಿರದ ನೂರು ಜನರನ್ನು ಹೊರಗೆ ಕಳಿಸಿ, ಕಾರು ನಿಲ್ಲಿಸುವ ಬಯಲಿನಲ್ಲಿ ಐದು ಗಂಟೆ ಬಿಸಿಲಿಗೆ ನಿಲ್ಲಿಸಬೇಕಾಯಿತು. ದಯವಿಟ್ಟಕ್ಕ ಕೈಮೈಕು ಹಿಡಿದು ಸಾಲಿನಿಂದ ಸಾಲಿಗೆ ಓಡಾಡಿ ಸಮಾಧಾನ ಹೇಳಿದಳು. ಅಲ್ಲೊಬ್ಬ ಹೆಂಗಸು ಪೆಟ್ಟಿಗೆಯ ಮೇಲೆ ಕೂತು ಗಳಿಗೆಗೊಮ್ಮೆ ಗಡಿಯಾರ ನೋಡುತ್ತಿದ್ದಳು. ಮಗಳಿಗೆ ಮೊದಲ ಹೆರಿಗೆ, ಆಸ್ಪತ್ರೆಗೆ ಸೇರಿಸಿದ್ದಾರೆ, ನಾನು ಬರುವ ತನಕ ಹೆರಲ್ಲ ಅಂದಿದ್ದಾಳೆ ಎಂದು ತಾನೇ ನಕ್ಕಳು. ನಾಲ್ಕನೆಯ ಗಂಟೆಗೆ ಅವಳ ಫೋನಿಗೆ ಸುದ್ದಿ ಬಂತು. ಹೆಣ್ಣು ಕೂಸು, ತಾಯಿ ಮಗು ಇಬ್ಬರೂ ಕ್ಷೇಮ. ದಯವಿಟ್ಟಕ್ಕ ಅದನ್ನು ಮೈಕಿನಲ್ಲಿ ಹೇಳಿದಾಗ ಇಡೀ ಬಯಲು ಚಪ್ಪಾಳೆ ತಟ್ಟಿತು. ಆ ಹೆಂಗಸೂ ತಟ್ಟಿದಳು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು, "ವಿಮಾನ ಹೊತ್ತಿಗೆ ಸರಿಯಾಗಿ ಬಿಟ್ಟಿದ್ರೆ ಕೈ ಹಿಡ್ಕೊಂಡು ಕೂತಿರ್ತಿದ್ದೆ ಕಣಮ್ಮ" ಎಂದಳು.

ಫೋನು ಮಾಡಿದವನು ಮೂರೇ ದಿನದಲ್ಲಿ ಸಿಕ್ಕ. ಭಯಂಕರ ಮನುಷ್ಯನೇನಲ್ಲ. ಅವನು ನಿಲ್ದಾಣಕ್ಕೆ ಬರುವುದು ಇಪ್ಪತ್ತು ನಿಮಿಷ ತಡವಾಗಿತ್ತಂತೆ, ಹಿಂಗಂದರೆ ವಿಮಾನವನ್ನು ಸ್ವಲ್ಪ ಹೊತ್ತು ನಿಲ್ಲಿಸಬಹುದು ಅಂದುಕೊಂಡನಂತೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಗಿದ್ದ ಕಾನೂನಿನಲ್ಲಿ ಹೆಚ್ಚೆಂದರೆ ಆರು ತಿಂಗಳು. ಅವನು ಮೂರು ವಾರಕ್ಕೇ ಹೊರಗೆ ಬಂದ. ಅಂಥ ಸುಳ್ಳು ಕರೆಗಳು ಒಂದೇ ವರ್ಷದಲ್ಲಿ ಮೂವತ್ತೊಂದಾದವು. ಆಗ ಕಾನೂನು ಬದಲಾಯಿತು. ವಿಮಾನ ನಿಲ್ದಾಣಕ್ಕೆ ಬೆದರಿಕೆ ಹಾಕಿದವರಿಗೆ, ನಿಜವಿರಲಿ ಸುಳ್ಳಿರಲಿ, ಹತ್ತು ವರ್ಷಗಳವರೆಗೆ ಜೈಲು.

ಕಾನೂನು ಬಂದ ವಾರ ಭದ್ರತೆಯ ದೊಡ್ಡ ಸಾಹೇಬರು ಅವಳನ್ನು ಕರೆಸಿದರು. ಜೊತೆಗೆ ಧ್ವನಿವರ್ಧಕಗಳ ಉಸ್ತುವಾರಿಯವನನ್ನೂ. ಹೆಗಲ ಮೇಲೆ ಸದಾ ಒಂದು ಸುತ್ತು ತಂತಿ ಇರುತ್ತಿದ್ದುದರಿಂದ ಅವನಿಗೆ ವೈರಣ್ಣ ಎಂದೇ ಹೆಸರು. ಸಾಹೇಬರು ಒಳ್ಳೆಯ ಮನುಷ್ಯ, ಆದರೆ ಮಾತು ಕಡ್ಡಿ ಮುರಿದ ಹಾಗೆ. ಹೊಸ ಎಚ್ಚರಿಕೆಯನ್ನು ಅರ್ಧ ಗಂಟೆಗೊಮ್ಮೆ ಸಾರಬೇಕು, ಕೇಳಿದವನ ಎದೆ ಝಲ್ಲೆನ್ನಬೇಕು, ನಿಮ್ಮ ದನಿಯಲ್ಲಿ ಅದಾಗುವುದಿಲ್ಲ ಎಂದರು. ಕಂಪ್ಯೂಟರಿನ ದನಿಯೊಂದನ್ನು ತರಿಸಿಟ್ಟಿದ್ದರು. ಎಚ್ಚರಿಕೆ ಅದಕ್ಕೆ ಹೋದರೆ ಮೂರು ತಿಂಗಳಲ್ಲಿ ಉಳಿದೆಲ್ಲ ಪ್ರಕಟಣೆಗಳೂ ಅದಕ್ಕೇ ಹೋಗುತ್ತವೆ. ಗೂಡು ಮುಚ್ಚುತ್ತದೆ. ನಿವೃತ್ತಿಗೆ ಉಳಿದ ಆರು ವರ್ಷ ಅವಳು ನೆಲಮಾಳಿಗೆಯಲ್ಲಿ, ಕಳೆದುಹೋದ ಪೆಟ್ಟಿಗೆಗಳ ಉಗ್ರಾಣದಲ್ಲಿ ಚೀಟಿ ಅಂಟಿಸಬೇಕು.

"ಒಂದ್ಸಲ ನಾನೂ ಹೇಳಿ ನೋಡ್ತೀನಿ ಸರ್" ಎಂದಳು ಅವಳು. "ಜನ ತಲೆ ಎತ್ತಿ ನೋಡ್ತಾರೋ ಇಲ್ವೋ, ಎಣಿಸೋಣ."

ಎಣಿಸುವ ಮಾತು ಸಾಹೇಬರಿಗೆ ಹಿಡಿಸಿತು. ಹಜಾರದ ಚಾವಣಿಯಲ್ಲಿ ಕ್ಯಾಮೆರಾ ಇದ್ದೇ ಇತ್ತು. ಮೂರು ದಿನ, ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ, ಮೂರು ದನಿ. ಒಂದು ಕಂಪ್ಯೂಟರಿನದು, ಒಂದು ಸಾಹೇಬರದೇ, ಒಂದು ಅವಳದು. ಸಾಲಿನಲ್ಲಿ ಮೊದಲು ಕಾಣುವ ನೂರು ಜನರಲ್ಲಿ ಎಷ್ಟು ಮಂದಿ ತಲೆ ಎತ್ತುತ್ತಾರೆ ಎಂದು ಲೆಕ್ಕ. ಅವಳು ಹತ್ತು ಗಂಟೆಯ ವಿಷಯದಲ್ಲಿ ಪಟ್ಟು ಹಿಡಿದಿದ್ದಳು. ಒಂದು ದಿನ ಬೆಳಿಗ್ಗೆ, ಒಂದು ದಿನ ಮಧ್ಯಾಹ್ನ ಅಂದರೆ ಜನರೂ ಬೇರೆ, ಗದ್ದಲವೂ ಬೇರೆ, ತಕ್ಕಡಿ ನೆಟ್ಟಗಿರಲ್ಲ ಎಂಬುದು ಅವಳ ವಾದ.

ಕಂಪ್ಯೂಟರಿಗೆ ಹನ್ನೊಂದು ತಲೆ. ಉಳಿದವರಿಗೆ ಅದು ಕೋಣನ ಮುಂದೆ ಕಿನ್ನರಿ. ಸಾಹೇಬರಿಗೆ ಮೂವತ್ತಾರು, ಆದರೆ ಅದರಲ್ಲಿ ಅರ್ಧ ಜನ ಜಗಳ ಎಲ್ಲಿ ನಡೀತಿದೆ ಎಂದು ಹುಡುಕುತ್ತಿದ್ದರು ಎಂದು ವೈರಣ್ಣ ಮೆಲ್ಲಗೆ ಅವಳ ಕಿವಿಗೆ ಹಾಕಿದ.

ಮೂರನೆಯ ದಿನ ಅವಳ ಸರದಿ. ಕಾನೂನಿನವರು ಬರೆದುಕೊಟ್ಟಿದ್ದ ಅರವತ್ತೆರಡು ಪದಗಳ ಒಂದೇ ವಾಕ್ಯವನ್ನು ಅವಳು ಹುಬ್ಬು ಗಂಟಿಕ್ಕಿಕೊಂಡು, ಗಂಟಲು ದಪ್ಪ ಮಾಡಿಕೊಂಡು, ಎಲ್ಲೂ ಎಡವದೆ ಓದಿದಳು. ಹತ್ತು ವರ್ಷಗಳವರೆಗಿನ ಸೆರೆವಾಸ ಎಂಬಲ್ಲಿಗೆ ಬಂದು ಮುಗಿಸಿದಳು. ಮುಗಿಸಬೇಕಿತ್ತು. ಆದರೆ ಇಪ್ಪತ್ತೊಂಬತ್ತು ವರ್ಷ ಪ್ರತಿ ಪ್ರಕಟಣೆಯ ಬಾಲಕ್ಕೂ ಕಟ್ಟಿದ್ದ ಮಾತು, ಅವಳು ಬಾಯಿ ಮುಚ್ಚುವ ಮೊದಲೇ, ತಾನಾಗಿ ಹೊರಬಿತ್ತು.

"ಧನ್ಯವಾದಗಳು. ನಿಮ್ಮ ಪ್ರಯಾಣ ಸುಖಕರವಾಗಿರಲಿ."

ಹಜಾರದಲ್ಲಿ ಯಾರೋ ಒಬ್ಬರು ಕಿಸಕ್ಕೆಂದರು. ಆಮೇಲೆ ಸಾಲಿಗೆ ಸಾಲೇ ನಕ್ಕಿತು. ಟಿಕೆಟ್ ನೋಡುವಾಕೆ ಮುದ್ರೆಯನ್ನು ಮೇಜಿನ ಮೇಲಿಟ್ಟು ಹೊಟ್ಟೆ ಹಿಡಿದುಕೊಂಡಳು. ಇಪ್ಪತ್ನಾಲ್ಕು ತಲೆ ಎದ್ದಿದ್ದವು, ಇಪ್ಪತ್ನಾಲ್ಕೂ ನಗುತ್ತಿದ್ದವು. ಸಾಹೇಬರು ನಗಲಿಲ್ಲ. ಸೋಮವಾರ ಇನ್ನೊಂದು ಅವಕಾಶ ಕೊಡುತ್ತೇನೆ, ಅದೇ ಕೊನೆ ಎಂದು ಹೇಳಿ ಹೋದರು.

ಮನೆಯಲ್ಲಿ ಇರುವವರು ಮೂವರು. ಅವಳು, ಮೂವತ್ತು ವರ್ಷ ಊರೂರಿಗೆ ಬಸ್ಸು ಓಡಿಸಿ ಈಗ ನಿವೃತ್ತನಾಗಿರುವ ಗಂಡ, ಎಡಗಿವಿ ಮಂದವಾಗಿ ನಾಲಿಗೆ ಮಾತ್ರ ಇನ್ನೂ ಚುರುಕಾಗಿರುವ ಅತ್ತೆ. ಸಂಜೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಅವಳು ಎಚ್ಚರಿಕೆಯನ್ನು ಹಲವು ಬಗೆಯಾಗಿ ಹೇಳಿ ನೋಡಿದಳು. ಗುಡುಗಿ ನೋಡಿದಳು, ಹಲ್ಲು ಕಚ್ಚಿ ನೋಡಿದಳು. ಗಂಡನತ್ತ ಬೆರಳು ತೋರಿಸಿ ಹತ್ತು ವರ್ಷ ಜೈಲು ಎಂದಾಗ ಪಕ್ಕದ ಮನೆಯಾಕೆ ಕಿಟಕಿಯಿಂದ ಇಣುಕಿ, ಯಜಮಾನರು ಏನು ಮಾಡಿದರು ಎಂದು ಗಾಬರಿಯಿಂದ ಕೇಳಿ, ಉತ್ತರ ಸಿಕ್ಕ ಮೇಲೂ ಪೂರ್ತಿ ನಂಬದೆ ಹೋದಳು.

ಅತ್ತೆ ಬಲಗಿವಿ ತಿರುಗಿಸಿ ಕೂತು ಎಲ್ಲವನ್ನೂ ಕೇಳಿದರು. "ನಿನ್ನ ಬಾಯಲ್ಲಿ ಜೈಲು ಅಂದ್ರೆ ನಿಜವಾಗ್ಲೂ ಮಾವನ ಮನೆಗೆ ಕರ್ದಂಗೆ ಇರುತ್ತೆ ಕಣಮ್ಮ. ಹೋಗಿ ನಾಲ್ಕು ದಿನ ಇದ್ದು ಬರೋಣ ಅನ್ಸುತ್ತೆ."

"ನೀವೇ ಹೇಳ್ಕೊಡಿ ಅತ್ತೆ, ನಿಮಗೆ ಚೆನ್ನಾಗಿ ಬರುತ್ತೆ" ಎಂದು ಅವಳು ತಿರುಗಿಸಿ ಕೊಟ್ಟಳು. ಅತ್ತೆಗೆ ಅದು ಹೊಗಳಿಕೆ ಎಂದೇ ಅನ್ನಿಸಿ ಖುಷಿಯಾಯಿತು.

ಊಟವಾದ ಮೇಲೆ ಅವಳು ಪಾತ್ರೆ ತೊಳೆದಿಟ್ಟು ಗಂಡನ ಹತ್ತಿರ ಬಂದು ಕೂತಳು. ಉಗ್ರಾಣದ ಚಿಂತೆ ಇತ್ತು, ಇಲ್ಲವೆಂದಲ್ಲ. ಆದರೆ ಅದಕ್ಕಿಂತ ಮೇಲೆ ಇನ್ನೊಂದು ಕೊರೆಯುತ್ತಿತ್ತು. ಆರು ತಿಂಗಳಿನ ಶಿಕ್ಷೆ ಇದ್ದ ಕಾಲದಲ್ಲಿ ಎಚ್ಚರಿಕೆ ಯಾರ ಕಿವಿಗೂ ಬೀಳದಿದ್ದರೂ ಅಷ್ಟರಲ್ಲೇ ಹೋಗುತ್ತಿತ್ತು. ಈಗ ಹತ್ತು ವರ್ಷ. ಇಪ್ಪತ್ತು ನಿಮಿಷ ತಡವಾದ ಇನ್ನೊಬ್ಬ ದಡ್ಡ ಎಲ್ಲೋ ಫೋನು ಕೈಗೆತ್ತಿಕೊಳ್ಳುತ್ತಾನೆ. ಅವನಿಗೆ ಕೇಳಿಸಿದ್ದರೆ ಅವನ ಹತ್ತು ವರ್ಷವೂ ಉಳಿಯಿತು, ಪೆಟ್ಟಿಗೆಯ ಮೇಲೆ ಕೂತ ಯಾವುದೋ ಅಮ್ಮನ ಆ ಗಳಿಗೆಯೂ ಉಳಿಯಿತು. ನೂರಕ್ಕೆ ಹನ್ನೊಂದು ಜನ ಕೇಳುವ ಎಚ್ಚರಿಕೆಯಿಂದ ಯಾರಿಗೇನು ಬಂತು? ಇದನ್ನೆಲ್ಲ ಗಂಡನಿಗೆ ಹೇಳಿ, ಜನ ತಲೆ ಎತ್ತೋ ಹಾಗೆ ಕೂಗೋದು ಹೇಗ್ರೀ, ನಿಮ್ಮ ಬಸ್ಸಿನ ಹಾರ್ನ್ ಆದರೂ ಕೊಡಿ ಎಂದಳು.

ಗಂಡ ಚಪ್ಪಲಿ ಹೊಲಿಯುತ್ತಿದ್ದವನು ಸೂಜಿ ನಿಲ್ಲಿಸಿದ. ಅವನು ಮಾತಿಗೆ ಮುಂಚೆ ಯಾವಾಗಲೂ ಹೀಗೆ ಒಂದು ಗಳಿಗೆ ಗೇರು ಬದಲಿಸಿಕೊಳ್ಳುತ್ತಿದ್ದ.

"ಹಾರ್ನಿಗೆ ಯಾರು ಏಳ್ತಾರೆ? ಐವತ್ತು ಜನ ಗೊರಕೆ ಹೊಡೀತಿರ್ತಾರೆ. ಹಾರ್ನ್ ಹೊಡಿ, ಹಳ್ಳಕ್ಕೆ ಇಳ್ಸು, ಒಬ್ಬನೂ ಕಣ್ಣು ಬಿಡಲ್ಲ. ಇಂಜಿನ್ ಆಫ್ ಮಾಡು. ಐವತ್ತು ಜನಾನೂ ಒಟ್ಟಿಗೆ ಎದ್ದು 'ಯಾಕೆ, ಏನಾಯ್ತು' ಅಂತಾರೆ."

ಅವಳು ಅವನ ಮುಖವನ್ನೇ ನೋಡಿದಳು.

"ಇರೋ ಸದ್ದು ನಿಂತ್ರೆ ಎಚ್ಚರ ಆಗುತ್ತೆ ಕಣೇ" ಎಂದು ಗಂಡ ಮತ್ತೆ ಸೂಜಿ ಚುಚ್ಚಿದ. "ಹೊಸ ಸದ್ದಿಗೆ ಅಲ್ಲ."

ಹಜಾರದಲ್ಲಿ ನಿಲ್ಲಿಸಲು ಯಾವ ಇಂಜಿನ್ ಇದೆ? ಮಾರನೆಯ ಬೆಳಿಗ್ಗೆ ಅವಳು ಕೆಲಸ ಶುರುವಾಗುವ ಮೊದಲು ಹೋಗಿ ಹಜಾರದ ನಡುವೆ ನಿಂತು, ಕಣ್ಣು ಮುಚ್ಚಿ, ಕೇಳಿಸುವುದನ್ನೆಲ್ಲ ಒಂದೊಂದಾಗಿ ಬೆರಳಲ್ಲಿ ಎಣಿಸಿದಳು. ಪೆಟ್ಟಿಗೆಗಳ ಗಾಲಿ, ತಾನೇ ಏರುವ ಮೆಟ್ಟಿಲಿನ ಗುಂಯ್, ಜನರ ಮಾತು. ಆರನೆಯ ಬೆರಳಿಗೆ ಸಿಕ್ಕಿತು. ಕೊಳಲಿನದೋ ಪಿಟೀಲಿನದೋ ತಿಳಿಯದಂಥ ತೆಳ್ಳನೆಯ ಸಂಗೀತ. ಧ್ವನಿವರ್ಧಕಗಳಲ್ಲಿ ಬೆಳಗಿನಿಂದ ಹರಿಯುತ್ತಲೇ ಇರುತ್ತದೆ. ಅವಳು ಮಾತಾಡುವಾಗ ತಾನಾಗಿ ತಗ್ಗುತ್ತದೆ, ನಿಲ್ಲುವುದಿಲ್ಲ. ಇಪ್ಪತ್ತೊಂಬತ್ತು ವರ್ಷದಲ್ಲಿ ಅದು ಇದೆ ಎಂಬುದೇ ಅವಳಿಗೆ ಮರೆತುಹೋಗಿತ್ತು.

ವೈರಣ್ಣನನ್ನು ಕೇಳಿದರೆ ಅವನು ತಲೆ ಕೆರೆದುಕೊಂಡ. ಅದನ್ನು ಪೂರ್ತಿ ನಿಲ್ಲಿಸುವ ಗುಂಡಿ ಇದೆ, ಆದರೆ ಯಾರೂ ಒತ್ತಿದ್ದು ಅವನಿಗೆ ನೆನಪಿಲ್ಲ. ಗೂಡಿನ ಮೇಜಿನ ಹಿಂದೆ ಟಾರ್ಚು ಬಿಟ್ಟು ಹುಡುಕಿದ. ಗುಂಡಿಯ ಮೇಲೆ ಒಂದು ಪದರ ಧೂಳು, ಅದರ ಮೇಲೊಂದು ಜೇಡರ ಬಲೆ. ಬಲೆಯ ಯಜಮಾನನನ್ನು ಕಾಗದದ ಮೇಲೆ ಹತ್ತಿಸಿ ಕಿಟಕಿಯಾಚೆ ಬಿಟ್ಟುಬಂದ.

ಆಮೇಲೆ ಅವಳು ಅರವತ್ತೆರಡು ಪದಗಳ ಮುಂದೆ ಪೆನ್ಸಿಲು ಹಿಡಿದು ಕೂತಳು. ಕಲಮಿನ ಸಂಖ್ಯೆ ಗೋಡೆಯ ಫಲಕದಲ್ಲಿ ಇದೆ, ಕಿವಿಗೆ ಅದರಿಂದ ಉಪಯೋಗವಿಲ್ಲ ಎಂದು ತೆಗೆದಳು. "ಉದ್ದೇಶಪೂರ್ವಕವಾಗಿಯಾಗಲಿ ಅನ್ಯಥಾ ಆಗಲಿ" ಎಂಬುದನ್ನು ತೆಗೆದು "ತಮಾಷೆಯಾದರೂ" ಎಂದು ಬರೆದಳು. ಕಾನೂನಿನವರು ಎರಡು ದಿನ ಗೊಣಗಿ, ಅರ್ಥ ಬದಲಾಗಿಲ್ಲ ಎಂದು ಸಹಿ ಹಾಕಿದರು. ಹುಬ್ಬು ಗಂಟಿಕ್ಕುವುದನ್ನೂ ಬಿಟ್ಟಳು. ಇಲ್ಲದ ಮೀಸೆ ತಿರುವಲು ಹೋಗಿ ನಗೆಪಾಟಲಾದದ್ದು ಸಾಕಾಗಿತ್ತು. ಕನ್ನಡಿಯನ್ನು ಮಾತ್ರ ಗೋಡೆಯ ಕಡೆ ಮುಖ ಮಾಡಿ ತಿರುಗಿಸಿಟ್ಟಳು.

ಸೋಮವಾರ ಹತ್ತು ಗಂಟೆ. ವೈರಣ್ಣ ಒಂದು ಕೈಯನ್ನು ಹಳೆಯ ಗುಂಡಿಯ ಮೇಲೂ ಇನ್ನೊಂದನ್ನು ಮೈಕಿನ ಸ್ವಿಚ್ಚಿನ ಮೇಲೂ ಇಟ್ಟುಕೊಂಡು ನಿಂತ. ಎರಡನೆಯದು ಯಾಕೆಂದರೆ ಹುಟ್ಟುಗುಣ ಸುಟ್ಟರೂ ಹೋಗದು, ಕೊನೆಯ ಪದ ಮುಗಿದ ತಕ್ಷಣ ನನ್ನ ಬಾಯಿ ಮುಚ್ಚಿಸಿಬಿಡು ಎಂದು ಅವಳೇ ಹೇಳಿದ್ದಳು. ಅವನು ಮೊದಲ ಗುಂಡಿ ಒತ್ತಿದ. ಸಂಗೀತ ನಿಂತಿತು.

ಒಂದು ಸೆಕೆಂಡು. ಎರಡು. ಗಾಜಿನಾಚೆ, ಕೆಳಗೆ, ಟಿಕೆಟ್ ನೋಡುವಾಕೆಯ ಕೈ ಅರ್ಧದಲ್ಲೇ ನಿಂತಿತು. ಮೂರು. ಫೋನಿನೊಳಗೆ ಮುಳುಗಿದ್ದ ಒಬ್ಬ ಕತ್ತೆತ್ತಿ ಚಾವಣಿ ನೋಡಿದ. ನಾಲ್ಕು. ದಯವಿಟ್ಟಕ್ಕನ ಕಣ್ಣ ಮುಂದೆ ಆ ಬಯಲು, ಆ ಪೆಟ್ಟಿಗೆ, ಆ ಹೆಂಗಸು. ಆ ಹೆಂಗಸಿಗೇ ಹೇಳುವ ಹಾಗೆ, ಯಾವತ್ತಿನ ತನ್ನ ದನಿಯಲ್ಲೇ, ಅವಸರವಿಲ್ಲದೆ ಹೇಳಿದಳು.

"ದಯವಿಟ್ಟು ಕೇಳಿ. ಈ ನಿಲ್ದಾಣಕ್ಕೆ ಬೆದರಿಕೆ ಹಾಕಿದವರಿಗೆ, ಅದು ಸುಳ್ಳಾದರೂ, ತಮಾಷೆಯಾದರೂ, ಈಗ ಹತ್ತು ವರ್ಷಗಳವರೆಗೆ ಜೈಲು. ಮೊದಲು ಆರು ತಿಂಗಳಿತ್ತು. ಈಗ ಹತ್ತು ವರ್ಷ."

ವೈರಣ್ಣ ಸ್ವಿಚ್ಚು ಒತ್ತಿದ. ಒತ್ತಿದ್ದು ಒಳ್ಳೆಯದೇ ಆಯಿತು. ಸತ್ತ ಮೈಕಿಗೆ ಅವಳು ಧನ್ಯವಾದ ಹೇಳಿ ಪ್ರಯಾಣದ ತನಕ ಬಂದಾಗಿತ್ತು. ಇಬ್ಬರೂ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು.

ಎಪ್ಪತ್ತೆಂಟು ತಲೆ. ಸಾಹೇಬರು ಚಿತ್ರವನ್ನು ಎರಡು ಸಲ ಓಡಿಸಿ ಎಣಿಸಿದರು. ಆಮೇಲೆ, ಇದು ದನಿಯ ಗೆಲುವಲ್ಲ, ಮೌನದ ಗೆಲುವು, ಈ ಮೌನವನ್ನು ಕಂಪ್ಯೂಟರಿಗೂ ಕೊಡಬಹುದಲ್ಲ ಎಂದರು. ವೈರಣ್ಣನ ಮುಖ ಇಳಿಯಿತು. ದಯವಿಟ್ಟಕ್ಕನಿಗೆ ಮಾತ್ರ ಆ ಪ್ರಶ್ನೆ ಸರಿಯಾಗಿಯೇ ಕಂಡಿತು. ಕೊಟ್ಟೇ ನೋಡಿ ಸರ್, ನಾನು ಬರೆದ ಮಾತನ್ನೇ ಕೊಡಿ, ಆದರೆ ತಲೆ ಎತ್ತಿದವರು ಕೊನೆಯ ಪದದ ತನಕ ಎತ್ತಿಕೊಂಡೇ ಇರುತ್ತಾರಾ ಅನ್ನುವುದನ್ನೂ ಎಣಿಸಿ ಎಂದಳು.

ಮಂಗಳವಾರ ಹತ್ತು ಗಂಟೆಗೆ ಅದೇ ಮೌನ, ಅದೇ ಮಾತು, ಕಂಪ್ಯೂಟರಿನ ದನಿ. ಎಪ್ಪತ್ತೊಂದು ತಲೆ ಎದ್ದವು. ಸಾಹೇಬರು ಅವಳ ಕಡೆ ನೋಡಿದರು. ಅವಳು ಕ್ಯಾಮೆರಾದ ಪರದೆಯಿಂದ ಕಣ್ಣು ಕೀಳಲಿಲ್ಲ. ಯಂತ್ರ ಬಾಯಿ ಬಿಟ್ಟ ಎರಡನೆಯ ಪದಕ್ಕೇ ಓ ಇದಾ ಎಂಬಂತೆ ತಲೆಗಳು ಒಂದೊಂದಾಗಿ ಫೋನಿಗೆ, ಪೆಟ್ಟಿಗೆಗೆ, ಪಕ್ಕದವರ ಮಾತಿಗೆ ವಾಪಸು ಬಾಗಿದವು. ಕೊನೆಯ ಪದಕ್ಕೆ ಉಳಿದದ್ದು ಹತ್ತೊಂಬತ್ತು. ಸೋಮವಾರದ ಚಿತ್ರವನ್ನು ಮತ್ತೆ ಹಾಕಿ ನೋಡಿದರು. ಅದರಲ್ಲಿ ಕೊನೆಯ ಪದಕ್ಕೆ ಅರವತ್ತಾರು. ಅಷ್ಟು ಹಿತವಾದ ದನಿ ಜೈಲಿನ ಮಾತಾಡುತ್ತಿದೆ ಎಂದರೆ ವಿಷಯ ಸಣ್ಣದಿರಲಾರದು ಎಂದು ಜನ ಬೆರಗಾಗಿ ನಿಂತಿದ್ದರು.

ಸಾಹೇಬರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಸುಮಾರು ನಾಲ್ಕು ಸೆಕೆಂಡು ಹಿಡಿಯಿತು.

"ಎಬ್ಬಿಸಿದ್ದು ಮೌನ. ಕೊನೆ ತನಕ ಹಿಡಿದು ನಿಲ್ಲಿಸಿದ್ದು ನೀವು" ಎಂದರು. "ಗೂಡಿನ ಕುರ್ಚಿ ಹಳೇದಾಗಿದೆ ಅಂತ ಕೇಳ್ದೆ. ಹೊಸದಕ್ಕೆ ಬರ್ಕೊಡಿ. ಆರು ವರ್ಷ ಕೂರೋದಿದೆ."

ಅವಳು ಗೂಡಿಗೆ ಹಿಂತಿರುಗಿ ಮಾಡಿದ ಮೊದಲ ಕೆಲಸ ಕನ್ನಡಿಯನ್ನು ಸರಿಯಾಗಿ ತಿರುಗಿಸಿದ್ದು. ಅದರಲ್ಲಿ ಕಂಡ ನಗುವನ್ನು ಯಾವ ತರಬೇತಿಯೂ ಕಲಿಸಿರಲಿಲ್ಲ.

ಎಚ್ಚರಿಕೆ ಅಧಿಕೃತವಾಗಿ ಶುರುವಾದ ದಿನ ಗಂಡ ತನ್ನ ತಾಯಿಯನ್ನು ಕರೆದುಕೊಂಡು ಬಂದ. ಸಂಜೆಯ ಪ್ರಕಟಣೆಗಳೆಲ್ಲ ಅವಳ ದನಿಯಲ್ಲಿ ಮೊದಲೇ ಮುದ್ರಿಸಿಟ್ಟದ್ದೇ ಆದ್ದರಿಂದ ದಯವಿಟ್ಟಕ್ಕನೂ ಪಾಳಿ ಮುಗಿಸಿ ಕೆಳಗಿಳಿದು, ಅವರ ಜೊತೆ ಹಜಾರದ ಬೆಂಚಿನ ಮೇಲೆ ಕೂತಳು. ಅತ್ತೆಯನ್ನು ಬಲಗಿವಿ ಧ್ವನಿವರ್ಧಕದ ಕಡೆ ಬರುವ ಹಾಗೆ ಕೂರಿಸಿದ್ದರು. ಐದು ಗಂಟೆಗೆ ಸಂಗೀತ ನಿಂತಿತು.

"ಕರೆಂಟ್ ಹೋಯ್ತೇನೋ?" ಎಂದು ಅತ್ತೆ ದೀಪಗಳ ಕಡೆ ನೋಡಿದರು. ಅಷ್ಟರಲ್ಲಿ ಸೊಸೆಯ ದನಿ ಚಾವಣಿಯಿಂದ ಇಳಿಯಿತು. ಪಕ್ಕದಲ್ಲಿದ್ದ ಸೊಸೆಯ ತುಟಿ ಅಲುಗಾಡದಿರುವುದನ್ನು ಅತ್ತೆ ಒಮ್ಮೆ ಬಗ್ಗಿ ನೋಡಿ ಖಾತ್ರಿ ಮಾಡಿಕೊಂಡರು. ಈಗ ಈ ವರ್ಷ ಈ ಊರಿನಲ್ಲಿ ಯಾರೂ ಮಾವನ ಮನೆಗೆ ಹೋಗುವ ಹಾಗೆ ಕಾಣಲ್ಲ ಎಂದು ತೀರ್ಪು ಕೊಟ್ಟರು.

ಬೆಂಚಿನ ಆ ತುದಿಯಲ್ಲಿ ಕೂತಿದ್ದ ಹಿರಿಯ ಪ್ರಯಾಣಿಕರೊಬ್ಬರು ಕೊನೆಯ ಪದದ ತನಕ ಕತ್ತೆತ್ತಿಕೊಂಡೇ ಇದ್ದವರು, ಈಗ ಉಸಿರು ಬಿಟ್ಟು ಪಕ್ಕಕ್ಕೆ ತಿರುಗಿ, "ಅಬ್ಬಾ, ಎಷ್ಟು ಮೆತ್ತಗೆ ಹೇಳಿದ್ಳು ನೋಡಿ. ಈಕೆ ಗಂಡ ಮನೇಲಿ ಹೇಗಿದ್ದಾನೋ ಪಾಪ" ಎಂದರು.

"ಹೀಗಿದ್ದೀನಿ ಸ್ವಾಮಿ, ನೋಡಿ" ಎಂದ ಗಂಡ.

ಅವರಿಗೆ ಅರ್ಥವಾಗುವಷ್ಟರಲ್ಲಿ ಅವರ ವಿಮಾನದ ಕರೆ ಬಂತು. ಗಡಿಬಿಡಿಯಿಂದ ಚೀಲ ಹೆಗಲಿಗೇರಿಸಿಕೊಂಡರು. ದಯವಿಟ್ಟಕ್ಕ ಎದ್ದು ಅವರು ಬೆಂಚಿನ ಮೇಲೆ ಮರೆತಿದ್ದ ಕನ್ನಡಕದ ಡಬ್ಬಿಯನ್ನು ಕೈಗಿತ್ತಳು. ವೈರಣ್ಣ ಇರಲಿಲ್ಲ, ಸ್ವಿಚ್ಚೂ ಇರಲಿಲ್ಲ.

"ನಿಮ್ಮ ಪ್ರಯಾಣ ಸುಖಕರವಾಗಿರಲಿ" ಎಂದಳು.

ಅವರು ಎರಡು ಹೆಜ್ಜೆ ಹೋದವರು ಗಕ್ಕನೆ ನಿಂತು, ಚಾವಣಿಯನ್ನೊಮ್ಮೆ ನೋಡಿ, ತಿರುಗಿ ಅವಳನ್ನೊಮ್ಮೆ ನೋಡಿದರು. ಆಮೇಲೆ ಸಾಲಿನಲ್ಲಿ ಹೋಗಿ ನೆಟ್ಟಗೆ ನಿಂತುಕೊಂಡರು.